ಯಂತ್ರದ ತಪ್ಪು ಯಾರ ತಪ್ಪು?

ಬ್ಯಾಂಕಿನ ಗುಮಾಸ್ತನೊಬ್ಬ ನೀತಿ, ತತ್ತ್ವ ಎಂದು ಬರೆಯಹೊರಟರೆ ಓದುವವರಿಗೆ ನಗು ಬಂದೀತು. ಬಿ.ಎ. ತರಗತಿಯಲ್ಲಿ ತರ್ಕಶಾಸ್ತ್ರವನ್ನು ಒಂದು ವರ್ಷ ಓದಿದ್ದು ಬಿಟ್ಟರೆ ನನಗೂ ಆ ವಿಷಯಕ್ಕೂ ಹೆಚ್ಚಿನ ನಂಟಿಲ್ಲ. ಆದರೆ ಪ್ರಶ್ನೆಗಳು ನಮ್ಮ ಓದನ್ನು ವಿಚಾರಿಸಿಕೊಂಡು ಬರುವುದಿಲ್ಲ. ನನ್ನ ಪಾಲಿಗೆ ಅಂಥ ಒಂದು ಪ್ರಶ್ನೆ 2014ರಲ್ಲಿ, ಕೌಂಟರಿನ ಆಚೆ ಬದಿಯಿಂದ, ರಿಜಿಸ್ಟರ್ಡ್ ಲಕೋಟೆಯೊಂದನ್ನು ಕೈಯಲ್ಲಿ ಹಿಡಿದುಕೊಂಡು ಬಂತು. ಉತ್ತರ ನನಗೆ ಪೂರ್ತಿ ಸಿಕ್ಕಿದೆ ಎನ್ನಲಾರೆ. ಸಿಕ್ಕಿದಷ್ಟನ್ನು ಹೇಳುತ್ತೇನೆ.

ವಿಷಯ ಎಕ್ಸೆಲ್ ಎಂಬ ಲೆಕ್ಕದ ಹಾಳೆಯದು. ಕಚೇರಿ ಕೆಲಸ ಮಾಡುವವರಿಗೆಲ್ಲ ಅದರ ಪರಿಚಯ ಉಂಟು. ದಿನವೂ ಒಂದೇ ಬಗೆಯಲ್ಲಿ ಮಾಡಬೇಕಾದ ಕೆಲಸವನ್ನು ತಾನಾಗಿ ಮಾಡಿಕೊಡುವ ಆದೇಶಗಳ ಸರಣಿಯನ್ನು ಅದರಲ್ಲಿ ಮ್ಯಾಕ್ರೊ ಎನ್ನುತ್ತಾರೆ. ಅಂಥವನ್ನು ಒಂದು ಕಟ್ಟು ಮಾಡಿ, ಹೊರಗಿನಿಂದ ತಂದು ಸೇರಿಸಿಕೊಳ್ಳುವಂತೆ ಮಾಡಿದರೆ ಅದು ಆಡ್-ಇನ್. 1993ರಲ್ಲಿ ಎಕ್ಸೆಲಿನ ಐದನೆಯ ಆವೃತ್ತಿಯೊಂದಿಗೆ ವಿಷುವಲ್ ಬೇಸಿಕ್ ಒಳಗೆ ಬಂದ ಮೇಲೆ ಇದು ಸ್ವಲ್ಪ ಆಸಕ್ತಿಯಿದ್ದ ಯಾರಾದರೂ ಬರೆಯಬಹುದಾದ, ಯಾರಿಗಾದರೂ ಹಂಚಬಹುದಾದ ವಸ್ತುವಾಯಿತು. ಸೇರಿಸಿಕೊಳ್ಳುವುದಂತೂ ತೀರಾ ಸುಲಭ. ಫೈಲ್, ಆಪ್ಶನ್ಸ್, ಆಡ್-ಇನ್ಸ್, ಕೊನೆಗೆ ಒಂದು ಚೌಕದಲ್ಲಿ ಒಂದು ಟಿಕ್. ಮ್ಯಾಕ್ರೊ ಇರುವ ಹಾಳೆಯನ್ನು ತೆರೆದರೆ ಮೇಲೆ ಹಳದಿ ಪಟ್ಟಿಯೊಂದು ಎಚ್ಚರಿಕೆ ಹೇಳುತ್ತದೆ. ಆ ಎಚ್ಚರಿಕೆಯ ಪಕ್ಕದಲ್ಲೇ ‘ಎನೇಬಲ್ ಕಂಟೆಂಟ್’ ಎಂಬ ಗುಂಡಿಯೂ ಇರುತ್ತದೆ. ಎಚ್ಚರಿಕೆಯನ್ನು ಓದಿ, ಗುಂಡಿ ಒತ್ತದೆ ಎದ್ದು ಹೋದ ಗುಮಾಸ್ತನನ್ನು ನಾನು ಕಂಡಿಲ್ಲ.

ಆಗ ನಾನಿದ್ದ ಶಾಖೆ ಕಾಸರಗೋಡಿನ ಒಳನಾಡಿನ ಒಂದು ಪೇಟೆಯಲ್ಲಿತ್ತು. ಪೇಟೆಯ ಹೆಸರು ಬೇಡ, ಬ್ಯಾಂಕಿನದೂ ಬೇಡ. ಅಡಿಕೆ, ರಬ್ಬರು, ಬೀಡಿ, ಗಲ್ಫಿನ ಹಣ, ಇವುಗಳ ಮೇಲೆ ನಡೆಯುವ ಊರು. ಜೂನ್ ತಿಂಗಳಲ್ಲಿ ಶಾಲೆ ತೆರೆಯುವಾಗ ಚಿನ್ನ ಅಡವಿಡುವವರ ಸಾಲು ಮೆಟ್ಟಿಲಿನವರೆಗೂ ಬರುತ್ತಿತ್ತು. ಅವಧಿ ಮೀರಿದರೂ ಬಿಡಿಸಿಕೊಳ್ಳದವರಿಗೆ ಏಲಂ ನೋಟೀಸು ಕಳುಹಿಸುವ ಕೆಲಸ ನನ್ನದು. ಅವಧಿ ಮೀರಿದವರ ಪಟ್ಟಿ ಮೇಲಿನ ಕಚೇರಿಯ ಒಪ್ಪಿಗೆಗೆ ಹೋಗಿ ಬರುವಾಗ ಎರಡು ವಾರ ಕಳೆಯುತ್ತಿತ್ತು. ಅಷ್ಟರೊಳಗೆ ಬಡ್ಡಿ ಕಟ್ಟಿ ಸಾಲ ನವೀಕರಿಸಿದವರ ಹೆಸರನ್ನು ಪಟ್ಟಿಯಿಂದ ತೆಗೆಯಬೇಕು. ನವೀಕರಿಸಿದರೆ ಸಾಲಕ್ಕೆ ಹೊಸ ಸಂಖ್ಯೆ ಬರುತ್ತದೆ. ಹಳೆಯ ಸಂಖ್ಯೆಯನ್ನೂ ಬರೆದಿಡುವ ಕ್ರಮ ನಮ್ಮಲ್ಲಿ ಒಂದು ದಿನ ಇದ್ದರೆ ಇನ್ನೊಂದು ದಿನ ಇರಲಿಲ್ಲ. ಹಾಗಾಗಿ ಹೆಸರು ನೋಡಿಯೇ ಹುಡುಕಬೇಕಾಗಿತ್ತು.

ನಮ್ಮ ನಾಡಿನಲ್ಲಿ ಹೆಸರು ನೋಡಿ ಹುಡುಕುವುದೆಂದರೆ ಏನೆಂದು ಈ ಸಂಚಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕನ್ನಡ ಶಾಲೆಗೆ ಹೋದ ಕಮಲಾಕ್ಷಿಯ ‘ಕ್ಷ’ ಇಂಗ್ಲಿಷಿಗೆ ಬರುವಾಗ ಎಕ್ಸ್ ಎಂಬ ಒಂದೇ ಅಕ್ಷರವಾಗುತ್ತದೆ, ಕೊನೆಯಲ್ಲಿ ಐ. ಮಲಯಾಳ ಶಾಲೆಗೆ ಹೋದ ಕಮಲಾಕ್ಷಿಗೆ ಕೆ, ಎಸ್, ಎಚ್ ಎಂದು ಮೂರು ಅಕ್ಷರ ಬೇಕು, ಕೊನೆಯಲ್ಲಿ ವೈ. ಒಬ್ಬರೇ ವ್ಯಕ್ತಿ ರೇಷನ್ ಕಾರ್ಡಿನಲ್ಲಿ ಒಂದು ಬಗೆ, ಪಾಸ್‌ಬುಕ್ಕಿನಲ್ಲಿ ಇನ್ನೊಂದು ಬಗೆ ಆಗಿರುವುದೂ ಉಂಟು. ಮನೆಹೆಸರಿನ ಮೊದಲಕ್ಷರ ಹಿಂದೆಯೋ ಮುಂದೆಯೋ ಎಂಬುದು ಅರ್ಜಿ ತುಂಬಿಸಿಕೊಟ್ಟವರ ಮರ್ಜಿ. ಎರಡು ಲಿಪಿಯ ನಾಡಿನವರು ಮೂರನೆಯ ಲಿಪಿಯಲ್ಲಿ ಹೆಸರು ಬರೆಸಿಕೊಂಡರೆ ಹೀಗಾಗುತ್ತದೆ.

ನೂರ ನಲವತ್ತಕ್ಕೂ ಹೆಚ್ಚು ಹೆಸರುಗಳನ್ನು ಇನ್ನೊಂದು ಪಟ್ಟಿಯೊಂದಿಗೆ ಕಣ್ಣಿನಲ್ಲೇ ಹೋಲಿಸಲು ನನಗೆ ಮೂರು ದಿನ ಬೇಕಾಗುತ್ತಿತ್ತು. ಆಗ ಗೆಳೆಯರೊಬ್ಬರು ಪೆನ್‌ಡ್ರೈವಿನಲ್ಲಿ ಒಂದು ಆಡ್-ಇನ್ ತಂದುಕೊಟ್ಟರು. ಎರಡು ಹೆಸರುಗಳನ್ನು ಕೊಟ್ಟರೆ ಅವು ನೂರಕ್ಕೆ ಎಷ್ಟು ಹೋಲುತ್ತವೆ ಎಂದು ಅಂಕ ಕೊಡುವ ಸೂತ್ರ ಅದರಲ್ಲಿತ್ತು. ಇಷ್ಟು ಅಂಕಕ್ಕಿಂತ ಹೆಚ್ಚು ಹೋಲಿದರೆ ಒಬ್ಬರೇ ಎಂದು ತಿಳಿದು ಪಟ್ಟಿಯಿಂದ ತೆಗೆದುಬಿಡು ಎಂದು ನಾವು ಹೇಳಬಹುದು. ನಾನು ಮೊದಲು ತೊಂಬತ್ತೈದು ಇಟ್ಟು ನೋಡಿದೆ. ಒಬ್ಬರೇ ಇಬ್ಬರಾಗಿ ಕಾಣಿಸಿಕೊಂಡರು. ಎಂಬತ್ತೈದಕ್ಕೆ ಇಳಿಸಿದೆ. ಪಟ್ಟಿ ಚೊಕ್ಕಟವಾಯಿತು. ಮೂರು ದಿನದ ಕೆಲಸ ಚಹಾ ಕುಡಿದು ಬರುವಷ್ಟರಲ್ಲಿ ಮುಗಿದಿತ್ತು. ಮ್ಯಾನೇಜರು ಬೆನ್ನು ತಟ್ಟಿದರು. ನನಗೂ ಹೆಮ್ಮೆಯಾಯಿತು, ಸುಳ್ಳು ಹೇಳಬಾರದು.

ಲಕೋಟೆ ಹಿಡಿದುಕೊಂಡು ಬಂದವರು ಕಮಲಾಕ್ಷಿ. ಇದು ಅವರ ನಿಜ ಹೆಸರಲ್ಲ, ಆದರೆ ಅಕ್ಷರಗಳ ತೊಡಕು ನಿಜವಾದದ್ದೇ. ಎಕ್ಸ್ ಇರುವ ಕಮಲಾಕ್ಷಿ. ಹತ್ತು ದಿನ ಮೊದಲು ಬಂದು, ಬಡ್ಡಿ ಕಟ್ಟಿ, ಸಾಲ ನವೀಕರಿಸಿ ಹೋಗಿದ್ದರು. ಆದರೂ ಏಲಂ ನೋಟೀಸು ಹೋಗಿತ್ತು. ಮ್ಯಾನೇಜರು ಕಂಪ್ಯೂಟರಿನಲ್ಲಿ ನೋಡಿ, “ನಿಮ್ಮ ಬಳೆಗಳು ಭದ್ರವಾಗಿವೆ ಅಕ್ಕ, ಹೆದರಬೇಡಿ. ಇದು ಸಿಸ್ಟಮಿನ ತಪ್ಪು” ಎಂದರು. ಪಕ್ಕದಲ್ಲಿ ನಿಂತಿದ್ದ ನಾನೂ ತಲೆಯಾಡಿಸಿದೆ.

“ಚಿನ್ನ ಹೋಗುವುದಿಲ್ಲ ಎಂದು ನನಗೂ ಗೊತ್ತುಂಟು ಸಾರ್. ರಶೀದಿ ಇದೆಯಲ್ಲ. ಹೋದದ್ದು ಬೇರೆ” ಎಂದರು ಅವರು. ಮಗಳ ಕಾಲೇಜಿನ ಫೀಸಿಗೆಂದು ಗಂಡನಿಗೆ ಹೇಳದೆ ಬಳೆ ಅಡವಿಟ್ಟಿದ್ದರು. ನೋಟೀಸು ಇಂಗ್ಲಿಷಿನಲ್ಲಿತ್ತು. ಕನ್ನಡವೂ ಅಲ್ಲ, ಮಲಯಾಳವೂ ಅಲ್ಲ. ಗಂಡನಿಗೆ ಓದಲು ಬಾರದೆ ಪಕ್ಕದ ಮನೆಯ ಹುಡುಗನನ್ನು ಕರೆದು ಓದಿಸಿದರಂತೆ. ಅಂಗಳದಲ್ಲಿ ನಾಲ್ಕು ಜನ ಇದ್ದರಂತೆ. ಮುಂದಿನದ್ದನ್ನು ಅವರು ಹೇಳಲಿಲ್ಲ.

ಅವರು ಹೋದ ಮೇಲೆ ನನ್ನ ತಲೆಗೆ ಹೊಳೆದದ್ದು ಇನ್ನೊಂದು. ಇವರಿಗೆ ಬರಬಾರದ ನೋಟೀಸು ಬಂದಿದೆ ಎಂದರೆ, ಬರಬೇಕಾದವರೊಬ್ಬರಿಗೆ ಬಂದಿಲ್ಲ. ಆ ದಿನ ಸಂಜೆ ಬಾಗಿಲು ಹಾಕಿದ ಮೇಲೆ ಎರಡೂ ಪಟ್ಟಿಗಳನ್ನು ಎದುರು ಹರಡಿಕೊಂಡು, ಹಳೆಯ ಕ್ರಮದಲ್ಲಿ, ಅಡಿಕೋಲು ಇಟ್ಟು ಓದತೊಡಗಿದೆ. ಮೂರು ಹೆಸರುಗಳು ತಪ್ಪಾಗಿ ಬಿದ್ದುಹೋಗಿದ್ದವು. ಅವುಗಳಲ್ಲಿ ಒಂದು ವೈ ಇರುವ ಕಮಲಾಕ್ಷಿ. ನವೀಕರಿಸಿದವರ ಹೆಸರನ್ನು ಯಂತ್ರ ಮೊದಲು ಈ ಹೆಸರಿನೊಂದಿಗೆ ಹೊಂದಿಸಿ, ಇದನ್ನೇ ತೆಗೆದು, ಅದನ್ನು ಪಟ್ಟಿಯಲ್ಲಿ ಉಳಿಸಿತ್ತು. ಏಲಂ ದಿನಕ್ಕೆ ಇನ್ನೂ ಸಮಯವಿತ್ತು. ಮ್ಯಾನೇಜರ ಒಪ್ಪಿಗೆ ಪಡೆದು ಮರುದಿನ ಸಂಜೆ ನಾನೇ ಆ ಮೂರು ಮನೆಗಳಿಗೂ ಹೋದೆ.

ವೈ ಇರುವ ಕಮಲಾಕ್ಷಿಯವರು ಅರುವತ್ತು ದಾಟಿದವರು, ಬೀಡಿ ಕಟ್ಟುವವರು. ಮೊರವನ್ನು ಪಕ್ಕಕ್ಕೆ ಸರಿಸಿ, ಮಲಯಾಳದಲ್ಲಿ, “ಮೋನೇ, ಆಚೆ ಮನೆಯವಳಿಗೆ ಕಾಗದ ಬಂತು, ನನಗೆ ಬರಲಿಲ್ಲ. ಬ್ಯಾಂಕಿನವರಿಗೆ ನನ್ನ ಕಷ್ಟ ಗೊತ್ತಾಗಿ ಸ್ವಲ್ಪ ಸಮಯ ಕೊಟ್ಟಿದ್ದಾರೆ ಎಂದುಕೊಂಡೆ” ಎಂದರು.

ನಾನು ಏನೂ ಹೇಳಲಾರದೆ ಜಗಲಿಯಲ್ಲಿ ಕುಳಿತೆ. ಎಂಬತ್ತೈದು ಎಂಬ ಅಂಕಿಯನ್ನು ಆಕೆ ದಯೆ ಎಂದು ಓದಿಕೊಂಡಿದ್ದರು.

ಪ್ರಶ್ನೆ ಇಲ್ಲಿಂದ ಶುರುವಾಗುತ್ತದೆ. ತಪ್ಪು ಯಾರದು? ‘ಸಿಸ್ಟಮಿನದು’ ಎಂದು ಮ್ಯಾನೇಜರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಸೂತ್ರ ಬರೆದವನನ್ನು ನಾನು ಕಂಡಿಲ್ಲ. ಆತ ಯಾವ ದೇಶದವನೋ, ನಮ್ಮ ‘ಕ್ಷ’ದ ಸಂಕಟ ಆತನಿಗೆ ಹೇಗೆ ತಿಳಿಯಬೇಕು? ಆತ ಹೋಲಿಕೆಯ ಅಂಕವನ್ನು ಮಾತ್ರ ಕೊಟ್ಟಿದ್ದ. ಅಷ್ಟು ಹೋಲಿದರೆ ಸಾಕು, ಒಬ್ಬರೇ ಎನ್ನಬಹುದು ಎಂದು ತೀರ್ಮಾನಿಸಿದವನು ನಾನು. ಅದನ್ನು ತೀರ್ಮಾನಿಸುವಾಗ ನನ್ನ ಕಣ್ಣೆದುರು ಇದ್ದದ್ದು ಗಡಿಯಾರ. ಯಂತ್ರ ತಾನಾಗಿ ಮಾಡಿತು ಎಂದು ನಾವು ಹೇಳುವ ಕೆಲಸಗಳಲ್ಲಿ ಎಲ್ಲೋ ಒಂದು ಕಡೆ ಹೀಗೆ ಒಬ್ಬ ಮನುಷ್ಯ ಒಂದು ಅಂಕಿಯನ್ನು ಇಟ್ಟಿರುತ್ತಾನೆ. ಆಮೇಲೆ ಅದನ್ನು ಮರೆಯುತ್ತಾನೆ.

ಇನ್ನೂ ಒಂದು ಸಂಗತಿ ಉಂಟು. ಹಳದಿ ಪಟ್ಟಿಯ ಪಕ್ಕದ ಗುಂಡಿ ಒತ್ತುವಾಗ ಅಪಾಯಕ್ಕೆ ಒಪ್ಪಿಗೆ ಕೊಟ್ಟವನು ನಾನು, ಅಪಾಯಕ್ಕೆ ಒಳಗಾದವರು ಬೇರೆಯವರು. ನನ್ನ ಮನೆಯ ಲೆಕ್ಕಕ್ಕೆ ಅದನ್ನು ಬಳಸಿದ್ದರೆ ನಷ್ಟ ನನ್ನದೇ ಆಗುತ್ತಿತ್ತು. ಬೇರೆಯವರ ಬಳೆಗಳ ಮೇಲೆ ಒಪ್ಪಿಗೆ ಕೊಡಲು ನನಗೆ ಅಧಿಕಾರ ಕೊಟ್ಟವರು ಯಾರು? ಹೊರಗಿನ ಸಲಕರಣೆಯನ್ನು ಬ್ಯಾಂಕಿನ ಕಂಪ್ಯೂಟರಿಗೆ ಹಾಕುವುದು ನಿಯಮಕ್ಕೆ ವಿರುದ್ಧ ಎಂಬುದು ಸರಿಯೇ. ಆದರೆ ನಿಯಮ ಅನುಮತಿಸಿದ್ದರೂ ಈ ಪ್ರಶ್ನೆ ಉಳಿಯುತ್ತಿತ್ತು.

ನಮ್ಮ ಶಾಖೆಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದರು. ರಂಗರಾಜನ್ ಸಮಿತಿ 1984ರಲ್ಲಿ ಬ್ಯಾಂಕುಗಳ ಯಾಂತ್ರೀಕರಣದ ಬಗ್ಗೆ ವರದಿ ಕೊಟ್ಟು, ಲೆಡ್ಜರ್ ಬರೆಯುವ ಯಂತ್ರಗಳು ಶಾಖೆಗಳಿಗೆ ಬರತೊಡಗಿದ ಕಾಲದಲ್ಲಿ ಯೂನಿಯನ್ ಬಾವುಟ ಹಿಡಿದು ಘೋಷಣೆ ಕೂಗಿದವರು. ಅವರ ಆಗಿನ ಭಯ ಕೆಲಸ ಹೋಗುತ್ತದೆ ಎಂಬುದು. ಕಮಲಾಕ್ಷಿ ಎಂದರೆ ಸಾಕು, “ಯಾವ ಕಮಲಾಕ್ಷಿ? ಸಂಕದ ಹತ್ತಿರದವರೋ, ಶಾಲೆಯ ಹಿಂದಿನವರೋ?” ಎಂದು ಕೇಳುತ್ತಿದ್ದರು. ಅವರಿಂದ ತಪ್ಪೇ ಆಗುತ್ತಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಹಳೆಯ ಲೆಡ್ಜರುಗಳಲ್ಲಿ ಅವರು ಬಡ್ಡಿಯನ್ನು ತಪ್ಪಾಗಿ ಹಾಕಿದ ಪುಟಗಳನ್ನು ನಾನೇ ನೋಡಿದ್ದೇನೆ. ಹಿಂದಿನದೆಲ್ಲ ಚಿನ್ನ ಎನ್ನುವ ಪೈಕಿ ನಾನಲ್ಲ. ಆದರೆ ಲೆಡ್ಜರಿನ ಕ್ರಮ ಒಂದಿತ್ತು. ತಪ್ಪನ್ನು ಅಳಿಸುವಂತಿಲ್ಲ, ಅದರ ಮೇಲೆ ತಿದ್ದಿ ಬರೆಯುವಂತಿಲ್ಲ. ಕೆಳಗಿನ ಅಂಕಿ ಓದಲು ಸಿಗುವಂತೆ ಒಂದೇ ಗೆರೆ ಎಳೆದು, ಸರಿಯಾದದ್ದನ್ನು ಮೇಲೆ ಬರೆದು, ಪಕ್ಕದಲ್ಲಿ ಸಣ್ಣ ಸಹಿ ಹಾಕಬೇಕು. ತಪ್ಪಿಗೂ ಒಂದು ವಿಳಾಸವಿತ್ತು. ಇಪ್ಪತ್ತು ವರ್ಷ ಕಳೆದು ಪುಟ ತೆರೆದರೂ, ಇದು ಇವರ ಕೈ ಎಂದು ಹೇಳಬಹುದು.

ಮ್ಯಾಕ್ರೊ ಓಡಿದ ಹಾಳೆಯಲ್ಲಿ ಅಂಥ ಗೆರೆ ಇಲ್ಲ. ಎಕ್ಸೆಲಿನಲ್ಲಿ ನಾವು ಕೈಯಿಂದ ಮಾಡಿದ್ದನ್ನು ಹಿಂದಕ್ಕೆ ಪಡೆಯುವ ‘ಅನ್‌ಡು’ ಇದೆ. ಮ್ಯಾಕ್ರೊ ಒಮ್ಮೆ ಹಾಳೆಯನ್ನು ಬದಲಿಸಿತೆಂದರೆ ಸಾಮಾನ್ಯವಾಗಿ ಆ ದಾರಿ ಮುಚ್ಚಿಹೋಗುತ್ತದೆ. ಅದಕ್ಕಿಂತ ಮೊದಲು ನಾವು ಮಾಡಿದ್ದನ್ನೂ ಹಿಂದಕ್ಕೆ ಪಡೆಯಲಾಗುವುದಿಲ್ಲ. ಇದು ತಂತ್ರದ ಸಣ್ಣ ವಿವರ ಎಂದು ಆಗ ತಿಳಿದಿದ್ದೆ. ಈಗ ಹಾಗೆ ಅನಿಸುವುದಿಲ್ಲ.

ಇಂಥದು ನಮ್ಮ ಮೂಲೆಯ ಪೇಟೆಯಲ್ಲಿ ಮಾತ್ರ ನಡೆಯುತ್ತದೆಂದು ಭಾವಿಸಬೇಕಾಗಿಲ್ಲ. 2020ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರ ನಡುವೆ ಇಂಗ್ಲೆಂಡಿನಲ್ಲಿ 15,841 ಕೋವಿಡ್ ಪ್ರಕರಣಗಳು ದಿನದ ಲೆಕ್ಕದಿಂದ ಬಿಟ್ಟುಹೋದವು. ಹಳೆಯ ನಮೂನೆಯ ಎಕ್ಸೆಲ್ ಹಾಳೆ 65,536 ಸಾಲುಗಳಿಗಿಂತ ಹೆಚ್ಚು ಹಿಡಿಯುವುದಿಲ್ಲ, ಉಳಿದವು ಸದ್ದಿಲ್ಲದೆ ಹೊರಗುಳಿದಿದ್ದವು. ರೋಗಿಗಳಿಗೆ ತಮ್ಮ ಫಲಿತಾಂಶ ತಿಳಿದಿತ್ತು, ಆದರೆ ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕಿ ಎಚ್ಚರಿಸುವುದು ತಡವಾಯಿತು. ಕಾಗದ ಬಾರದಿದ್ದುದರಿಂದ ನೆಮ್ಮದಿಯಾಗಿದ್ದವರು ಅಲ್ಲಿಯೂ ಇದ್ದಿರಬೇಕು. ಅದೇ ವರ್ಷ, ಮನುಷ್ಯನ ಜೀನುಗಳಿಗೆ ಹೆಸರಿಡುವ ಅಂತಾರಾಷ್ಟ್ರೀಯ ಸಮಿತಿ ಹಲವು ಜೀನುಗಳ ಹೆಸರನ್ನೇ ಬದಲಾಯಿಸಿದ್ದನ್ನು ಪ್ರಕಟಿಸಿತು. ಮಾರ್ಚ್, ಸೆಪ್ಟ್ ಎಂದು ಶುರುವಾಗುವ ಆ ಹೆಸರುಗಳನ್ನು ಎಕ್ಸೆಲ್ ತಾರೀಕು ಎಂದು ತಿಳಿದು ತಾನಾಗಿ ತಿದ್ದಿಬಿಡುತ್ತಿತ್ತು. ಯಂತ್ರ ಬದಲಾಗಲಿಲ್ಲವೆಂದು ವಿಜ್ಞಾನಿಗಳು ಹೆಸರು ಬದಲಿಸಿದರು. ಜೀನುಗಳಿಗೇನೋ ಬೇಸರವಿಲ್ಲ. ನಮ್ಮ ಕೌಂಟರಿನಲ್ಲಿ ಮಾತ್ರ, “ಆಧಾರಿನಲ್ಲಿ ನಿಮ್ಮ ಹೆಸರು ಬೇರೆ ಉಂಟು, ಸರಿ ಮಾಡಿಸಿಕೊಂಡು ಬನ್ನಿ” ಎಂದು ನಾನೇ ಎಷ್ಟು ಜನರನ್ನು ವಾಪಸು ಕಳುಹಿಸಿದ್ದೇನೋ ಲೆಕ್ಕವಿಲ್ಲ.

1924ರಲ್ಲಿ ದೆಹಲಿಯಲ್ಲಿ ಗಾಂಧೀಜಿಯವರೊಂದಿಗೆ ಯಂತ್ರದ ಬಗ್ಗೆ ಚರ್ಚಿಸಿದವರಲ್ಲಿ ಜಿ. ರಾಮಚಂದ್ರನ್ ಒಬ್ಬರು. ಕೇರಳದವರು, ಶಾಂತಿನಿಕೇತನದಲ್ಲಿ ಓದಿದವರು. ತೆಂಕಣ ನಾಡಿನ ಹುಡುಗನೊಬ್ಬ ಅಷ್ಟು ದೂರ ಹೋಗಿ, ನೀವು ಎಲ್ಲ ಯಂತ್ರಗಳಿಗೂ ವಿರೋಧಿಯೇ ಎಂದು ನೇರವಾಗಿ ಕೇಳಿದ್ದು ನನಗೆ ಬಹಳ ಹಿಡಿಸಿದ ಸಂಗತಿ. ಗಾಂಧೀಜಿ ಸಿಂಗರ್ ಹೊಲಿಗೆ ಯಂತ್ರವನ್ನು ತಮ್ಮ ವಿರೋಧದಿಂದ ಹೊರಗಿಟ್ಟರು. ಹೆಂಡತಿ ಕೈಯಲ್ಲಿ ಹೊಲಿದು ದಣಿಯುವುದನ್ನು ಕಂಡು, ಪ್ರೀತಿಯಿಂದ ಮಾಡಿದ ಯಂತ್ರ ಅದು ಎಂಬುದು ಅವರು ಕೊಟ್ಟ ಕಾರಣ. ಸಿಂಗರನ ಮನಸ್ಸಿನಲ್ಲಿ ನಿಜಕ್ಕೂ ಇದ್ದದ್ದು ಪ್ರೀತಿಯೋ ವ್ಯಾಪಾರವೋ, ಆ ಮಾತು ಬೇರೆ. ಯಾರ ದಣಿವನ್ನು ಕಂಡು ಈ ಯಂತ್ರವನ್ನು ತಂದೆ ಎಂಬ ಪ್ರಶ್ನೆ ಮಾತ್ರ ಒಳ್ಳೆಯದು. ನಾನು ತಂದದ್ದು ನನ್ನ ದಣಿವನ್ನು ಕಂಡು. ಅದು ಪಾಪವೆಂದು ನನಗೆ ಅನಿಸುವುದಿಲ್ಲ. ಗುಮಾಸ್ತನ ಕಣ್ಣೂ ಕಣ್ಣೇ. ಆದರೆ ನನಗೆ ಮಿಕ್ಕಿದ ಆ ಮೂರು ದಿನಗಳಲ್ಲಿ ಒಂದು ಗಂಟೆಯನ್ನಾದರೂ ಬಿದ್ದುಹೋದ ಹೆಸರುಗಳನ್ನು ಮತ್ತೊಮ್ಮೆ ನೋಡಲು ಕೊಡಬಹುದಿತ್ತು. ಕೊಡಲಿಲ್ಲ. ನಾನು ಮಾಡಿದ ತಪ್ಪನ್ನು ಬೆರಳಿಟ್ಟು ತೋರಿಸು ಎಂದರೆ ಆ ಒಂದು ಗಂಟೆಯನ್ನು ತೋರಿಸುತ್ತೇನೆ.

ಎಕ್ಸ್ ಇರುವ ಕಮಲಾಕ್ಷಿಯವರು ಎರಡು ತಿಂಗಳ ನಂತರ ಪಾಸ್‌ಬುಕ್ ಪ್ರಿಂಟ್ ಮಾಡಿಸಲು ಬಂದಾಗ, ಸಾಲಿನಲ್ಲಿ ಬೇರೆ ಯಾರೂ ಇಲ್ಲದ್ದನ್ನು ನೋಡಿಕೊಂಡು, “ಅಕ್ಕ, ಅವತ್ತು ಸಿಸ್ಟಮಿನ ತಪ್ಪು ಎಂದದ್ದು ಸರಿಯಲ್ಲ. ಪಟ್ಟಿ ಮಾಡಿದ್ದು ನಾನು” ಎಂದೆ.

“ಗೊತ್ತುಂಟು ಸಾರ್,” ಎಂದರು. “ಯಂತ್ರಕ್ಕೆ ನನ್ನ ಹೆಸರು ಯಾರಾದರೂ ಹೇಳಿಕೊಡಬೇಕಲ್ಲ?”

ಬೈದಿದ್ದರೆ ಒಳ್ಳೆಯದಿತ್ತು.

ಆ ಆಡ್-ಇನ್ನನ್ನು ನಾನು ಅಷ್ಟರಲ್ಲೇ ತೆಗೆದಿದ್ದೆ. ತೆಗೆದಿದ್ದೆ ಎಂದು ತಿಳಿದಿದ್ದೆ ಎನ್ನಬೇಕು. ಟಿಕ್ ತೆಗೆದ ಕೂಡಲೇ, ಹಳೆಯ ಹಾಳೆಗಳಲ್ಲಿ ಅದರ ಸೂತ್ರ ಇದ್ದ ಕೋಶಗಳಲ್ಲಿ ಅಂಕಗಳು ಮಾಯವಾಗಿ ಒಂದು ದೋಷದ ಗುರುತು ಬಂತು. ಸೂತ್ರದ ಹೆಸರು ತನಗೆ ತಿಳಿಯದು ಎಂದು ಹೇಳಲು ಎಕ್ಸೆಲ್ ಬಳಸುವ ಗುರುತು ಅದು: ‘ನೇಮ್’ ಎಂಬ ಇಂಗ್ಲಿಷ್ ಶಬ್ದ, ಮುಂದೆ ಪ್ರಶ್ನಾರ್ಥಕ ಚಿಹ್ನೆ. ಮೇಲಿನಿಂದ ಕೆಳಗಿನವರೆಗೆ ನೂರ ನಲವತ್ತು ಸಾಲುಗಳಲ್ಲಿ, ಹೆಸರು? ಹೆಸರು? ಹೆಸರು? ಎಂದು ಕೇಳಿದ ಹಾಗೆ. ಕಾಕತಾಳೀಯವೇ, ಆದರೂ ಆ ಹಾಳೆಯನ್ನು ಬೇಗ ಮುಚ್ಚಿಬಿಟ್ಟೆ.

ಸೇರಿಸುವಾಗ ಒಂದು ಟಿಕ್ ಸಾಕಾದರೂ ತೆಗೆಯುವಾಗ ಅಷ್ಟು ಸಾಲುವುದಿಲ್ಲ ಎಂದು ಆಮೇಲೆ ತಿಳಿಯಿತು. ಟಿಕ್ ತೆಗೆದರೆ ಅದು ಕೆಲಸ ನಿಲ್ಲಿಸುತ್ತದೆ, ಅಷ್ಟೆ. ಕಡತ ತನ್ನ ಜಾಗದಲ್ಲೇ ಇರುತ್ತದೆ, ಹೆಸರು ಪಟ್ಟಿಯಲ್ಲೇ ಇರುತ್ತದೆ, ಇನ್ನೊಬ್ಬರು ಟಿಕ್ ಹಾಕಿದರೆ ಮತ್ತೆ ಎದ್ದು ಕುಳಿತುಕೊಳ್ಳುತ್ತದೆ. ಪೂರ್ತಿ ಹೋಗಬೇಕಾದರೆ ಎಕ್ಸೆಲನ್ನು ಮುಚ್ಚಿ, ಆಡ್-ಇನ್ಸ್ ಎಂಬ ಫೋಲ್ಡರಿನಿಂದ ಕಡತವನ್ನೇ ಅಳಿಸಬೇಕು. ಮತ್ತೆ ತೆರೆದು ಪಟ್ಟಿಯಲ್ಲಿ ಅದರ ಹೆಸರನ್ನು ಒತ್ತಿದರೆ, ಕಡತ ಸಿಗುತ್ತಿಲ್ಲ, ಪಟ್ಟಿಯಿಂದ ತೆಗೆಯಲೇ ಎಂದು ಅದೇ ಕೇಳುತ್ತದೆ, ಹೌದು ಎನ್ನಬೇಕು. ಎಕ್ಸೆಲ್ ತೆರೆದಾಗಲೆಲ್ಲ ತಾನಾಗಿ ತೆರೆದುಕೊಳ್ಳುವ ಕಡತಗಳಿಗೆ ಎಕ್ಸ್‌ಎಲ್‌ಸ್ಟಾರ್ಟ್ ಎಂಬ ಇನ್ನೊಂದು ಫೋಲ್ಡರಿದೆ, ಅಲ್ಲಿಯೂ ನೋಡಬೇಕು. ಇದನ್ನೆಲ್ಲ ನಾನು ಸೇರಿಸುವ ಮೊದಲು ತಿಳಿದುಕೊಳ್ಳಬೇಕಾಗಿತ್ತು. ಬಾವಿಗೆ ಇಳಿಯುವವನು ಹತ್ತುವ ಹಗ್ಗವನ್ನು ಮೊದಲು ಕಟ್ಟುತ್ತಾನೆ.

ಈಗ ಕಾಲ ಬದಲಾಗಿದೆ. 2022ರಲ್ಲಿ ಮೈಕ್ರೋಸಾಫ್ಟ್ ಕಂಪೆನಿ ಅಂತರ್ಜಾಲದಿಂದ ಬಂದ ಕಡತಗಳ ಮ್ಯಾಕ್ರೊಗಳನ್ನು ತಾನಾಗಿಯೇ ತಡೆಯತೊಡಗಿತು. ಹಳದಿ ಪಟ್ಟಿಯ ಸುಲಭದ ಗುಂಡಿ ಅಂಥವುಗಳಿಗೆ ಇಲ್ಲ. ಆ ತಡೆ ಇರುವುದು ಕಳ್ಳರಿಗಾಗಿ. ನನಗೆ ಸಿಕ್ಕಿದ್ದು ಕಳ್ಳ ಸೂತ್ರವಲ್ಲ, ಹೇಳಿದ ಕೆಲಸವನ್ನು ಹೇಳಿದ ಹಾಗೆ ಮಾಡುವ ಪ್ರಾಮಾಣಿಕ ಸೂತ್ರ. ನಮ್ಮಲ್ಲಿ ಈಗ ನೋಟೀಸಿನ ಪಟ್ಟಿಯನ್ನು ಮೇಲಿನ ಕಚೇರಿಯೇ ತಯಾರಿಸುತ್ತದೆ. ಹೆಸರಿನ ಹಂಗಿಲ್ಲ, ಎಲ್ಲವೂ ಸಂಖ್ಯೆಯ ಮೇಲೆ. ತಪ್ಪು ಕಡಿಮೆಯಾಗಿರುವುದು ನಿಜ. ಆದರೆ ಎಲ್ಲೋ ಯಾರೋ ಇಟ್ಟ ಅಂಕಿಯೊಂದು ತಪ್ಪಾಗಿದೆ ಎಂದು ನನಗೆ ಅನಿಸಿದರೆ, ತೆಗೆಯಲು ನನ್ನೆದುರು ಯಾವ ಟಿಕ್ಕೂ ಇಲ್ಲ. ಇದರಿಂದ ನನ್ನ ಹೊಣೆ ಇಳಿಯಿತೋ ಇಲ್ಲವೋ ಎಂಬುದೇ ನಾನು ಮೊದಲು ಹೇಳಿದ, ಪೂರ್ತಿ ಸಿಗದ ಉತ್ತರ. ನೋಟೀಸು ಹಿಡಿದುಕೊಂಡು ಬಂದವರು ನಿಲ್ಲುವುದು ಇಂದಿಗೂ ನನ್ನ ಕೌಂಟರಿನ ಎದುರೇ.

ಆ ಶಾಖೆಯಿಂದ ವರ್ಗವಾಗಿ ಬಂದು ಒಂದು ವರ್ಷವಾಗಿರಬಹುದು. ನನ್ನ ಜಾಗಕ್ಕೆ ಬಂದಿದ್ದ ಹುಡುಗ ಒಂದು ದಿನ ಫೋನು ಮಾಡಿದ. ತೆಂಕಣ ಜಿಲ್ಲೆಯವನು, ಕನ್ನಡ ಬಾರದು, ಕೆಲಸದಲ್ಲಿ ಚುರುಕು. “ಚೇಟ್ಟಾ, ಹೆಸರು ಹೋಲಿಸುವ ಒಂದು ಆಡ್-ಇನ್ ಇಲ್ಲಿ ಬಿದ್ದುಕೊಂಡಿತ್ತು. ಟಿಕ್ ಹಾಕಿ ನೋಡಿದೆ, ಬಹಳ ಚೆನ್ನಾಗಿದೆ. ಪಟ್ಟಿ ಐದು ನಿಮಿಷದಲ್ಲಿ ಆಯಿತು” ಎಂದ. ನೋಟೀಸುಗಳು ಅಂಚೆಗೆ ಹೋಗಿವೆಯೇ ಎಂದು ಕೇಳಿದೆ. ಇಲ್ಲ, ನಾಳೆ ಎಂದ. ಫೋಲ್ಡರು ಎಲ್ಲಿದೆ, ಯಾವುದನ್ನು ಅಳಿಸಬೇಕು ಎಂದು ಒಂದೊಂದಾಗಿ ಹೇಳಿದೆ. ಅವನು ಕಾರಣ ಕೇಳಿದ, ಅದನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಪಟ್ಟಿ ಮಾಡುವುದು ಹೇಗೆ?” ಎಂದ.

“ಎರಡು ಪಟ್ಟಿಯನ್ನೂ ಪ್ರಿಂಟು ತೆಗೆ. ಊರಿನವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೆಸರುಗಳನ್ನು ಗಟ್ಟಿಯಾಗಿ ಓದು. ಅಟೆಂಡರಿಗೆ ಎಲ್ಲರ ಗುರುತೂ ಉಂಟು.”

“ಅದಕ್ಕೆ ಮೂರು ದಿನ ಬೇಕು ಚೇಟ್ಟಾ.”

“ಬೇಕು” ಎಂದೆ.